ಟವಲಿಲ್ಲದ ಪಾಯಿಂಟ್ ಗಾರ್ಡ್

ನನ್ನಲ್ಲೊಂದು ದೌರ್ಬಲ್ಯವಿದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಬ್ಬರು ಎದುರುಬದುರು ನಿಂತು, ನಡುವೆ ಮೂರನೆಯವನೊಬ್ಬನಿಲ್ಲದೆ, ತಾವೇ ಮಾತಾಡಿಕೊಂಡು ತಾವೇ ಒಂದು ತೀರ್ಮಾನಕ್ಕೆ ಬಂದುಬಿಡುವುದನ್ನು ಕಂಡರೆ ನನಗೆ ತಡೆದುಕೊಳ್ಳಲಾಗುವುದಿಲ್ಲ. ಉಪ್ಪಿಲ್ಲದ ಸಾರು ಉಂಡ ಹಾಗಾಗುತ್ತದೆ. ಬಸ್ಸಿನಲ್ಲಿ ಕಂಡಕ್ಟರಿಗೂ ಪ್ರಯಾಣಿಕನಿಗೂ ತಕರಾರು ಹುಟ್ಟಿದರೆ ಮೂರು ಸೀಟು ಹಿಂದಿನಿಂದ ಎದ್ದು ಹೋಗುತ್ತೇನೆ. ಹೋದ ವರ್ಷ ಹಲ್ಲಿನ ಡಾಕ್ಟರ ಬಳಿ ನನ್ನದೇ ದವಡೆ ಹಿಡಿದುಕೊಂಡು ಕೂತಿದ್ದೆ. ಪಕ್ಕದಲ್ಲಿ ಕೂತಿದ್ದ ಮುದುಕಿ ತನ್ನ ನೋವನ್ನು ಸರಿಯಾಗಿ ಹೇಳಿಕೊಳ್ಳಲಾರಳೆಂದು ನನಗೆ ಅನಿಸಿತು. ಎದ್ದುಹೋಗಿ, ಅದು ಎಂಥ ನೋವು, ಯಾವಾಗಿನಿಂದ, ಬಿಸಿ ಕುಡಿದರೆ ಹೆಚ್ಚೋ ತಣ್ಣಗೆ ಕುಡಿದರೆ ಹೆಚ್ಚೋ ಎಂಬುದನ್ನೆಲ್ಲ ಡಾಕ್ಟರಿಗೆ ನಾನೇ ವಿವರಿಸಿ, ಆಕೆಯನ್ನು ನನಗಿಂತ ಮೊದಲು ಕುರ್ಚಿಗೆ ಹತ್ತಿಸಿದೆ. ನನ್ನ ಸರದಿ ಬರುವ ಹೊತ್ತಿಗೆ ಡಾಕ್ಟರು ಊಟಕ್ಕೆ ಎದ್ದುಹೋಗಿದ್ದರು.

ನಾನು ಅರಸೀಕೆರೆಯಲ್ಲಿ ಕೊಬ್ಬರಿ ದಲ್ಲಾಳಿ. ರುದ್ರಪ್ಪ ಅಂದರೆ ಸಾಕು, ಮಾರುಕಟ್ಟೆಯಲ್ಲಿ ದಾರಿ ತೋರಿಸುತ್ತಾರೆ. ಜಾವಗಲ್ ಸಂತೆಯಲ್ಲಿ ಚೀಲ ಹೊತ್ತು ಶುರು ಮಾಡಿದವನು ನಾನು. ಈ ಕೆಲಸವನ್ನು ಯಾರೂ ನನಗೆ ಬಿಟ್ಟುಹೋದದ್ದಲ್ಲ, ನೋಡಿ ನೋಡಿ ಕಲಿತದ್ದು. ಬೆಳೆದವನಿಗೆ ಕೊಳ್ಳುವವನ ಮೇಲೆ ಅನುಮಾನ, ಕೊಳ್ಳುವವನಿಗೆ ಬೆಳೆದವನ ಮೇಲೆ ಅನುಮಾನ. ಇಬ್ಬರ ಅನುಮಾನವೂ ಒಬ್ಬನ ಮೇಲೆ ತಿರುಗಿದರೆ ವ್ಯಾಪಾರ ಸಲೀಸಾಗಿ ನಡೆಯುತ್ತದೆ. ಆ ಒಬ್ಬನೇ ದಲ್ಲಾಳಿ. ನೀವು ಕೇಳದಿದ್ದರೂ ಒಂದೆರಡು ಮಾತು ಹೇಳಿಬಿಡುತ್ತೇನೆ, ಉಪಯೋಗಕ್ಕೆ ಬರುತ್ತದೆ. ಚೌಕಾಸಿಗೆ ಯಾವತ್ತೂ ನಿಂತುಕೊಂಡು ತೊಡಗಬೇಡಿ. ನಿಂತವನು ಹೊರಟುಬಿಡುತ್ತಾನೆ ಅಂತ ಎದುರಿನವನಿಗೆ ಧೈರ್ಯವಿರುತ್ತದೆ, ಕೂತವನನ್ನು ಕಂಡರೆ ಹೆದರಿಕೆ. ಉಂಡೆ ಕೊಬ್ಬರಿ ಕೊಳ್ಳುವಾಗ ಚಿಪ್ಪಿನ ಬಣ್ಣ ನೋಡಬೇಡಿ, ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಗಟ್ಟಿಯಾಗಿ ಒಣಗಿದ ಉಂಡೆ ಗಡಗಡ ಅನ್ನಬೇಕು. ಈ ಅಭ್ಯಾಸ ನನಗೆ ಎಷ್ಟು ಅಂಟಿಕೊಂಡಿದೆಯೆಂದರೆ, ಎರಡು ವರ್ಷದ ಹಿಂದೆ ನನ್ನ ಮಗಳು ಮೊದಲ ಸಲ ಒಂದು ಬ್ಯಾಸ್ಕೆಟ್‌ಬಾಲ್ ಮನೆಗೆ ತಂದಾಗ ನಾನು ಅದನ್ನು ಕೈಗೆ ತೆಗೆದುಕೊಂಡು ಮಾಡಿದ ಮೊದಲ ಕೆಲಸ ಅದೇ. "ಏನೂ ಸದ್ದಿಲ್ಲ, ಇನ್ನೂ ಹಸಿ" ಅಂದೆ. ಆವತ್ತಿನಿಂದ ಅವಳ ಗೆಳತಿಯರು ನನ್ನನ್ನು ಕಂಡರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ.

ಮಗಳ ಹೆಸರು ಪಲ್ಲವಿ, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಒಂಬತ್ತನೆಯ ಕ್ಲಾಸು. ಎತ್ತರದಲ್ಲಿ ನನ್ನ ಕಡೆಯವಳು, ಅಂದರೆ ಹೆಚ್ಚೇನೂ ಹೇಳುವಂತಿಲ್ಲ. ಇಷ್ಟು ಕುಳ್ಳಗಿನ ಹುಡುಗಿ ಆಕಾಶದಲ್ಲಿ ನೇತುಹಾಕಿದ ಬಲೆಗೆ ಚೆಂಡು ಹಾಕುವ ಆಟಕ್ಕೆ ಯಾಕೆ ಹೋದಳು ಅಂತ ನನಗೆ ಮೊದಲು ಚಿಂತೆಯಾಗಿತ್ತು. ಒಂದು ದಿನ ಸ್ಕೂಲಿನ ಮೈದಾನಕ್ಕೆ ಹೋಗಿ ಕಾಂಪೌಂಡಿನ ಮೇಲಿಂದ ಇಣುಕಿ ನೋಡಿದೆ. ಚೆಂಡನ್ನು ನೆಲಕ್ಕೆ ತಟ್ಟುತ್ತಾ ಈ ತುದಿಯಿಂದ ಆ ತುದಿಗೆ ತರುತ್ತಿದ್ದವಳು ಪಲ್ಲವಿ. ಆದರೆ ಅವಳು ಬಲೆಯ ಕಡೆ ನೋಡುವುದೇ ಇಲ್ಲ. ಎಡಗಡೆಯವಳು ಎಲ್ಲಿದ್ದಾಳೆ, ಬಲಗಡೆಯವಳ ಹಿಂದೆ ಯಾರು ಅಂಟಿಕೊಂಡಿದ್ದಾರೆ, ಬಲೆಯ ಕೆಳಗೆ ಯಾರು ಸುಮ್ಮನೆ ನಿಂತಿದ್ದಾರೆ ಎಂದು ಕಣ್ಣಲ್ಲೇ ಲೆಕ್ಕ ಹಾಕಿ, ಯಾರಿಗೆ ಚೆಂಡು ಬೇಕೋ ಅವರಿಗೆ, ಬೇಕಾದ ಗಳಿಗೆಯಲ್ಲಿ ಕೊಟ್ಟು ಸುಮ್ಮನಾಗುತ್ತಾಳೆ. ಅಂಕ ಅವಳ ಹೆಸರಿಗೆ ಬರುವುದಿಲ್ಲ, ಆದರೆ ಅವಳಿಲ್ಲದೆ ಯಾರ ಹೆಸರಿಗೂ ಬರುವುದಿಲ್ಲ. ಅವಳ ಜಾಗಕ್ಕೆ ಪಾಯಿಂಟ್ ಗಾರ್ಡ್ ಅನ್ನುತ್ತಾರಂತೆ. ಏನಾದರೂ ಅನ್ನಲಿ, ನನಗೆ ಗುರುತು ಸಿಕ್ಕಿಹೋಯಿತು. ಕಾಂಪೌಂಡಿನ ಮೇಲೆ ನೇತಾಡುತ್ತಲೇ ನನ್ನ ಕಣ್ಣು ಒದ್ದೆಯಾಯಿತು. ನನ್ನ ಮಗಳು ದಲ್ಲಾಳಿ!

ಎರಡು ವರ್ಷ ಎಲ್ಲ ಚೆನ್ನಾಗಿತ್ತು. ಈ ಜೂನ್‌ನಲ್ಲಿ ಸ್ಕೂಲಿಗೆ ಹೊಸ ಪಿ.ಟಿ. ಮೇಡಂ ವರ್ಗವಾಗಿ ಬಂದರು. ಬಂದವರು ಬೇರೆ ಯಾರೂ ಅಲ್ಲ, ನನ್ನ ಹೆಂಡತಿ ಗಿರಿಜಾಳ ಖಾಸಾ ತಂಗಿ ರೇಣುಕಾ. ನಾದಿನಿ ಊರಿಗೇ ಬಂದಳು, ಹಿಂದಿನ ಬೀದಿಯಲ್ಲೇ ಮನೆ ಸಿಕ್ಕಿತು, ಬೆಳಗ್ಗೆ ತಿಂಡಿ ಒಂದು ಮನೆಯದಾದರೆ ಸಂಜೆ ಕಾಫಿ ಇನ್ನೊಂದು ಮನೆಯದು. ಪಲ್ಲವಿಯಂತೂ ಚಿಕ್ಕಮ್ಮನ ಬಾಲವಾದಳು. ಐದು ತಿಂಗಳು ಈ ಸುಖ ನಡೆಯಿತು. ಆಮೇಲೊಂದು ಸಂಜೆ ಪಲ್ಲವಿ ಮನೆಗೆ ಬಂದು, ಆಟದ ಬೂಟನ್ನು ಕಳಚಿ, ಏಣಿ ಹಾಕಿ ಅಟ್ಟದ ಮೇಲೆ ಇಟ್ಟಳು. ನಮ್ಮ ಮನೆಯಲ್ಲಿ ಅಟ್ಟಕ್ಕೆ ಹೋದ ಸಾಮಾನು ಸಾಮಾನ್ಯವಾಗಿ ಇಳಿದು ಬರುವುದಿಲ್ಲ.

"ಏನಾಯ್ತೇ?" ಅಂತ ಗಿರಿಜಾ ಕೇಳಿದಳು.

"ನಿನ್ನ ತಂಗೀನ ಕೇಳು."

ವಿಷಯ ಇಷ್ಟು. ಇನ್ನು ಮುಂದೆ ಚೆಂಡು ತರುವುದಕ್ಕೆ ಅಂತ ಒಬ್ಬಳು ಬೇಡ, ಯಾರ ಕೈಗೆ ಸಿಗುತ್ತದೋ ಅವರೇ ತೆಗೆದುಕೊಂಡು ಓಡಲಿ, ಎಲ್ಲರೂ ಎಲ್ಲ ಕೆಲಸ ಕಲಿಯಲಿ ಅಂತ ರೇಣುಕಾ ಸಾರಿಬಿಟ್ಟಿದ್ದಳು. ಈಗೆಲ್ಲ ದೊಡ್ಡ ದೊಡ್ಡ ತಂಡಗಳೂ ಹಾಗೆಯೇ ಆಡುತ್ತವಂತೆ. ಪಲ್ಲವಿ ನನ್ನ ಪಕ್ಕ ಕೂತು ಮೂಗೊರೆಸಿಕೊಳ್ಳುತ್ತಾ, "ನಾನು ಕುಳ್ಳಿ ಅಪ್ಪಾಜಿ. ದೂರದಿಂದ ಬಾಲ್ ಹಾಕಕ್ಕೂ ಬರಲ್ಲ. ನಂಗೆ ಬರೋದು ಇದೊಂದೇ. ಅದೂ ಬೇಡ ಅಂದ್ರೆ ನಾನ್ಯಾಕೆ ಅಲ್ಲಿ? ನೀನು ಬೇಡ ಅಂತ ನೇರವಾಗಿ ಹೇಳಿದ್ರೆ ಆಗ್ತಿತ್ತಲ್ಲ" ಅಂದಳು. ಇನ್ನು ಹತ್ತು ದಿನಕ್ಕೆ ಬೇಲೂರಿನಲ್ಲಿ ಹೈಸ್ಕೂಲುಗಳ ಪಂದ್ಯ. ಅವಳು ಬರುವುದಿಲ್ಲ ಅಂದಳು. ಬೇಲೂರಿಗಷ್ಟೇ ಅಲ್ಲ, ಆಟಕ್ಕೇ ಬರುವುದಿಲ್ಲ ಅಂದಳು. ಚಿಕ್ಕಮ್ಮನ ಜೊತೆ ಮಾತೂ ನಿಂತಿತು. ರೇಣುಕಾ ಹಿತ್ತಲ ಬಾಗಿಲಿನಿಂದ ಬಂದರೆ ಪಲ್ಲವಿ ಮುಂಬಾಗಿಲಿನಿಂದ ಹೋಗುವಳು. ನಡುವೆ ಗಿರಿಜಾ ಎರಡು ಲೋಟ ಕಾಫಿ ಹಿಡಿದುಕೊಂಡು ನಿಂತಿರುವಳು. ನನಗೆ ಬೇಸರವಾಯಿತು ನಿಜ. ಆದರೆ ಸುಳ್ಳು ಹೇಳಬಾರದು, ಒಳಗೊಳಗೇ ಸ್ವಲ್ಪ ಹುರುಪೂ ಬಂತು. ಇಬ್ಬರು ಮಾತು ಬಿಟ್ಟಿದ್ದಾರೆ, ಅದೂ ನನ್ನ ಮನೆಯಲ್ಲೇ! ಇಂಥ ಕೆಲಸ ಮನೆ ಬಾಗಿಲಿಗೆ ಬಂದಿರುವಾಗ ಸುಮ್ಮನಿರಲು ಆಗುತ್ತದೆಯೇ?

ಭಾನುವಾರ ಅವರೆಕಾಯಿ ಬಂದಿತ್ತು. ಹಿಸುಕಿದ ಅವರೆಯ ಸಾರಿಗೆಂದು ಅಕ್ಕ ತಂಗಿ ಇಬ್ಬರೂ ನಡುಮನೆಯಲ್ಲಿ ತಟ್ಟೆ ಹಾಕಿಕೊಂಡು ನೆನೆಸಿದ ಕಾಳು ಹಿಸುಕುತ್ತಿದ್ದರು. ನಾನೂ ಒಂದು ತಟ್ಟೆ ತೆಗೆದುಕೊಂಡು ಹೋಗಿ ಎದುರಿಗೆ ಕೂತೆ. ಕೂತುಕೊಂಡೇ ತೊಡಗಬೇಕೆಂದು ನಿಮಗೂ ಹೇಳಿದ್ದೇನಲ್ಲ.

"ರೇಣು, ಆಟ ನಿಂದು, ಹುಡುಗಿ ನಂದು. ಒಂದು ಮಾತು ಆಡೋಣ್ವೇನಮ್ಮ?"

"ಹುಡುಗಿ ನಮ್ಮಕ್ಕಂದು ಭಾವ. ನೀವು ಬರೀ ಪ್ರೋಗ್ರೆಸ್ ಕಾರ್ಡಿಗೆ ಸಹಿ ಹಾಕೋರು."

ಗಿರಿಜಾ ಕಾಳಿನ ಸಿಪ್ಪೆ ಎಸೆಯುತ್ತಾ ನಕ್ಕಳು. ನಾನು ಗಂಭೀರವಾಗಿಯೇ ಮುಂದುವರಿದೆ. "ಪಲ್ಲವಿ ಆಟದಲ್ಲಿ ಏನು ಕೊರತೆ ಕಂಡೆ ಹೇಳು."

"ಕೊರತೆ ಏನಿಲ್ಲ, ಚೆನ್ನಾಗಿ ಆಡ್ತಾಳೆ. ಅದೇ ತೊಂದ್ರೆ ಆಗಿರೋದು. ಮಿಕ್ಕ ನಾಲ್ಕು ಜನ ಅವಳ ಕೈ ನೋಡ್ಕೊಂಡು ಕಂಬದ ಹಾಗೆ ನಿಂತಿರ್ತಾರೆ. ಎದುರಿನೋರು ಇಬ್ಬರು ಬಂದು ಅವಳಿಗೆ ಅಂಟ್ಕೊಂಡ್ರೆ ಮುಗೀತು. ಡ್ರೈವರ್ ಇಳಿದು ಹೋದ ಬಸ್ಸು."

"ಅದಕ್ಕೆ ಡ್ರೈವರೇ ಬೇಡ ಅಂತೀಯಾ?"

"ಎಲ್ಲರೂ ಓಡ್ಸೋದು ಕಲೀಲಿ ಅಂತೀನಿ."

"ಐದು ಜನ ಒಟ್ಟಿಗೆ ಸ್ಟೇರಿಂಗ್ ಹಿಡಿದ್ರೆ ಬಸ್ಸು ಬಾಣಾವರಕ್ಕೆ ಹೋಗಲ್ಲ ಕಣಮ್ಮ, ಕೆರೆಗೆ ಹೋಗುತ್ತೆ!"

ರೇಣುಕಾ ಹಿಸುಕುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. "ಭಾವ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಪಲ್ಲವಿ ಪರವಾಗಿ ಮಾತಾಡ್ತಿದ್ದೀರೋ, ದಲ್ಲಾಳಿಗಳ ಪರವಾಗಿ ಮಾತಾಡ್ತಿದ್ದೀರೋ?"

ನನ್ನ ಬೆರಳ ಸಂದಿನಿಂದ ಒಂದು ಕಾಳು ಚಿಮ್ಮಿ ಗೋಡೆಯ ಮೇಲಿದ್ದ ಕ್ಯಾಲೆಂಡರಿಗೆ ಬಡಿಯಿತು. ಇಂಥ ಪ್ರಶ್ನೆಗಳನ್ನು ಕೇಳಬಾರದು. ಮಾರುಕಟ್ಟೆಯಲ್ಲಿ ಈಗ ಮೊದಲಿನಂತಿಲ್ಲ ಅಂತ ನಾನು ಮನೆಯಲ್ಲಿ ಬಾಯಿಬಿಟ್ಟು ಹೇಳಿದವನಲ್ಲ. ದರವನ್ನು ಕಂಪ್ಯೂಟರಿನಲ್ಲಿ ಬರೆಯುತ್ತಾರೆ, ಅದು ನಿಮಿಷದಲ್ಲಿ ಎಲ್ಲರ ಫೋನಿಗೂ ಬಂದು ಕೂರುತ್ತದೆ. ಮೊನ್ನೆ ಒಬ್ಬ ರೈತ, ನನ್ನ ಹತ್ತಿರ ಇಪ್ಪತ್ತು ವರ್ಷದಿಂದ ಕಾಯಿ ತರುವವನು, ನಾನು ಬಾಯಿ ತೆರೆಯುವ ಮೊದಲೇ ಫೋನನ್ನು ನನ್ನ ಮೂಗಿಗೆ ಹಿಡಿದು, "ಇದೇ ಅಲ್ವಾ ರುದ್ರಣ್ಣ?" ಅಂದ. ಅದೇ ಆಗಿತ್ತು. ಚಹಾ ಕುಡಿಸಿ ಕಳಿಸಿದೆ. ಇದೆಲ್ಲ ರೇಣುಕಾಗೆ ಹೇಗೆ ತಿಳಿಯಿತೋ! ಬಹುಶಃ ತಿಳಿದಿರಲಿಲ್ಲ, ಸುಮ್ಮನೆ ಭಾವನನ್ನು ರೇಗಿಸಿದಳು. ಆದರೆ ಏಟು ಬೀಳಬೇಕಾದಲ್ಲೇ ಬಿತ್ತು.

ಆದರೂ ಕೈಬಿಡುವವನಲ್ಲ ನಾನು. ಸಿದ್ಧಾಂತದಲ್ಲಿ ಸೋತರೆ ತೂಕದಲ್ಲಿ ಗೆಲ್ಲಬೇಕು. ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ನಾಲ್ಕು ಭಾಗಗಳಿರುತ್ತವೆ. ಇಂಥ ಕಾಲುಕಾಲಾಗಿ ಮುರಿಯಬಹುದಾದ ಸರಕು ಕಂಡರೆ ನನ್ನಂಥವನಿಗೆ ಹಬ್ಬ. ಬೇಲೂರಿನಲ್ಲಿ ನಾಲ್ಕು ಭಾಗವೂ ಪಲ್ಲವಿಯೇ ಚೆಂಡು ತರಲಿ ಅಂದೆ. ಒಂದೂ ಇಲ್ಲ ಅಂದಳು ರೇಣುಕಾ. ಮೂರು ಅಂದೆ. ಅವಳು ಸಾರಿಗೆ ಒಗ್ಗರಣೆ ಹಾಕಲು ಎದ್ದುಹೋದಳು. ನಾನು ಕೂತೇ ಇದ್ದೆ. ಊಟವಾಗುವ ಹೊತ್ತಿಗೆ ಮೊದಲ ಎರಡು ಭಾಗ ಹಳೆಯ ಪದ್ಧತಿಯಂತೆ, ಕೊನೆಯ ಎರಡು ಭಾಗ ಅವಳ ಪದ್ಧತಿಯಂತೆ ಅಂತ ತೀರ್ಮಾನವಾಯಿತು. ಯಾವುದು ಸರಿ ಅಂತ ಅಂಕವೇ ಹೇಳಲಿ; ಸೋತವರು ಗೆದ್ದವರ ಮಾತು ಕೇಳಬೇಕು. ಪಲ್ಲವಿಗೆ ಈ ಸುದ್ದಿ ಮುಟ್ಟಿಸಿದೆ. ಅವಳು ಏಣಿ ಹಾಕಿ ಅಟ್ಟದಿಂದ ಬೂಟು ಇಳಿಸಿದಳು. "ಮೊದಲ ಎರಡರಲ್ಲಿ ಚೆನ್ನಾಗಿ ಆಗ್ಲಿಲ್ಲ ಅಂದ್ರೆ ನಾನು ಬಿಡೋದು ಬಿಡೋದೇ ಅಪ್ಪಾಜಿ" ಅಂದಳು.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಸರಕನ್ನು ಸಂತೆಗೆ ಕಳಿಸುವ ಮೊದಲು ಒಂದಿಷ್ಟು ಒರೆಸಿ ಇಡುವುದು ನನ್ನ ಅಭ್ಯಾಸ. ಪಲ್ಲವಿ ಚೆಂಡು ತರುವಾಗ ಯಾರು ಎಲ್ಲಿಗೆ ಓಡಬೇಕೆಂದು ಕೂಗಿ ಹೇಳುತ್ತಿದ್ದಳು. ಕೂಗಿದರೆ ಎದುರಿನವರಿಗೂ ಕೇಳಿಸುವುದಿಲ್ಲವೇ? ವ್ಯಾಪಾರದಲ್ಲಿ ದರವನ್ನು ಯಾರಾದರೂ ಕೂಗಿ ಹೇಳುತ್ತಾರೆಯೇ? ನಾನು ನನ್ನ ವಿದ್ಯೆ ತೆಗೆದೆ. ನಮ್ಮ ಕಡೆ ದನದ ಸಂತೆಯಲ್ಲಿ ಇವತ್ತಿಗೂ ಬೆರಳಿನ ವ್ಯಾಪಾರವುಂಟು. ದಲ್ಲಾಳಿ ಹೆಗಲ ಮೇಲಿನ ಟವಲನ್ನು ತನ್ನ ಕೈ ಮೇಲೆ ಹಾಕಿಕೊಳ್ಳುತ್ತಾನೆ, ಎದುರಿನವನು ಅದರ ಕೆಳಗೆ ಕೈ ತೂರಿಸುತ್ತಾನೆ. ಬೆರಳು ಹಿಡಿದು, ಮಡಚಿ, ಒತ್ತಿ ದರ ಹೇಳುವುದು. ಇಷ್ಟು ಬೆರಳು ಹಿಡಿದರೆ ಇಷ್ಟು, ನಡುಗೆಣ್ಣು ಮುಟ್ಟಿದರೆ ಅರ್ಧ, ಮುಷ್ಟಿ ಹಿಡಿದರೆ ಪೂರ್ತಿ. ಸುತ್ತ ಐವತ್ತು ಜನ ನಿಂತಿದ್ದರೂ ದರ ಇಬ್ಬರಿಗೆ ಮಾತ್ರ ಗೊತ್ತು. ಇದಕ್ಕಿಂತ ಗುಟ್ಟಾದ ಭಾಷೆ ಲೋಕದಲ್ಲಿಲ್ಲ.

ಒಂದು ವಾರ ನಮ್ಮ ಮನೆಯ ಅಂಗಳ ದನದ ಸಂತೆಯಾಯಿತು. ಪಲ್ಲವಿ ಮತ್ತು ಅವಳ ನಾಲ್ವರು ಗೆಳತಿಯರಿಗೆ ನಾನು ಬೆರಳಿನ ಪಾಠ ಹೇಳಿದೆ. ಒಂದು ಬೆರಳು ತೋರಿಸಿದರೆ ಚೆಂಡು ಎತ್ತರದ ಭಾಗ್ಯಳಿಗೆ. ಎರಡು ಬೆರಳಾದರೆ ಎಡಗಡೆಯವಳಿಗೆ, ಮೂರಾದರೆ ಬಲಗಡೆಯವಳಿಗೆ, ನಾಲ್ಕಾದರೆ ಹಿಂದಿರುವವಳಿಗೆ. ನಡುಗೆಣ್ಣು ಮಡಚಿದರೆ ಆ ಬೆರಳಿನವಳಿಗೆ ಕೊಡುವಂತೆ ನಟಿಸಿ ಬೇರೆಯವಳಿಗೆ. ಮುಷ್ಟಿ ಹಿಡಿದರೆ ಪಲ್ಲವಿಯೇ ನುಗ್ಗುತ್ತಾಳೆ. ಹುಡುಗಿಯರು ಎರಡು ದಿನದಲ್ಲಿ ಕಲಿತರು. ಭಾಗ್ಯ ಅಂತೂ, "ಅಂಕಲ್, ಇದರಲ್ಲಿ ಎಮ್ಮೆ ಎಷ್ಟಕ್ಕೆ ಬರುತ್ತೆ?" ಅಂತ ಕೇಳುವಷ್ಟು ಮುಂದುವರಿದಳು. ಗಿರಿಜಾ ರಾಗಿ ರೊಟ್ಟಿ ತಟ್ಟುತ್ತಾ ಅಡುಗೆಮನೆಯ ಕಿಟಕಿಯಿಂದ ನೋಡಿ, "ರೀ, ಆ ಟವಲ್ಲು ಯಾತಕ್ಕೆ ಅಂತ ಹೇಳಿದ್ರಿ?" ಅಂದಳು. "ಬೇರೆಯವರಿಗೆ ಕಾಣದಿರ್ಲಿ ಅಂತ ಕಣೇ." "ಬೇಲೂರಲ್ಲಿ ಟವಲ್ಲು ಹೊದ್ಕೊಂಡು ಆಡ್ತಾಳಾ?" ಅಂದಳು. ನಾನು ಆ ಮಾತಿಗೆ ಗಮನ ಕೊಡಲಿಲ್ಲ. ಹೆಂಗಸರಿಗೆ ವ್ಯಾಪಾರದ ಸೂಕ್ಷ್ಮ ತಿಳಿಯುವುದಿಲ್ಲ ಅಂದುಕೊಂಡೆ. ಇದನ್ನು ಬರೆಯುವಾಗಲೂ ಅವಳು ಹಿಂದೆ ನಿಂತು ಓದುತ್ತಿದ್ದಾಳೆ, ಆದ್ದರಿಂದ ಆ ವಾಕ್ಯವನ್ನು ವಾಪಸು ತೆಗೆದುಕೊಂಡಿದ್ದೇನೆ.

ಬೇಲೂರಿಗೆ ಬಸ್ಸಿನಲ್ಲಿ ಹೋದೆವು. ಪಲ್ಲವಿ ಡ್ರೈವರ್ ಹಿಂದಿನ ಸೀಟಿನಲ್ಲಿ, ರೇಣುಕಾ ಕೊನೆಯ ಸೀಟಿನಲ್ಲಿ, ನಾನು ಸರಿಯಾಗಿ ನಡುವೆ. ಜಾವಗಲ್ ದಾಟುವವರೆಗೆ "ನೀರಿನ ಬಾಟಲಿ ಯಾರ ಹತ್ರ ಇದೆ ಕೇಳಿ", "ಅವರ ಹತ್ರವೇ ಇದೆ ಅನ್ನಿ" ಅಂತ ಇಬ್ಬರ ಮಾತನ್ನೂ ನಾನೇ ಸಾಗಿಸಿದೆ. ಹಳೇಬೀಡಿನಲ್ಲಿ ಪ್ರವಾಸಿಗಳು ತುಂಬಿಕೊಂಡು ನಿಂತುಕೊಂಡೇ ಬಂದದ್ದರಿಂದ ಅವರ ತಲೆಗಳ ಮೇಲೆ ಕತ್ತು ಎತ್ತಿ ಎತ್ತಿ ಸಾಗಿಸಿದೆ. ಬೇಲೂರು ಮುಟ್ಟುವಾಗ ಕತ್ತು ಉಳುಕಿತ್ತು. ಆದರೆ ಅಂಥ ಸಾರ್ಥಕ ಪ್ರಯಾಣ ನಾನು ಇತ್ತೀಚೆಗೆ ಮಾಡಿರಲಿಲ್ಲ.

ನಮ್ಮ ಎದುರು ಆಡುವವರು ಬಾಣಾವರದ ಹುಡುಗಿಯರು. ರೆಫರಿ ಚೆಂಡು ಮೇಲೆ ಎಸೆದರು, ಆಟ ಶುರುವಾಯಿತು. ಮೊದಲ ಐದು ನಿಮಿಷ, ಏನು ಹೇಳಲಿ, ನನ್ನ ಜೀವನದ ಅತ್ಯುತ್ತಮ ಐದು ನಿಮಿಷಗಳಲ್ಲಿ ಒಂದು. ಪಲ್ಲವಿ ಬಲಗೈಯಲ್ಲಿ ಚೆಂಡು ತಟ್ಟುತ್ತಾ ಎಡಗೈ ಎತ್ತುವಳು. ಒಂದು ಬೆರಳು, ಭಾಗ್ಯಳ ಕೈಗೆ ಚೆಂಡು, ಬಲೆಗೆ ಬಿತ್ತು. ಮೂರು ಬೆರಳು, ಬಲಗಡೆಯಿಂದ ಬಿತ್ತು. ನಾನು ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಗಂಡಸಿಗೆ ಈ ಆಟದಲ್ಲಿ ಪಾಯಿಂಟ್ ಗಾರ್ಡ್ ಎಷ್ಟು ಮುಖ್ಯ ಎಂಬುದನ್ನು ವಿವರಿಸತೊಡಗಿದ್ದೆ. ಆಗ ಎದುರು ಬದಿಯಿಂದ ಒಂದು ದೊಡ್ಡ ದನಿ ಕೇಳಿಸಿತು.

"ಎಲ್ಡು ಬೆಳ್ಳು! ಎಡಗಡೀಕೆ ಕಣ್ರಮ್ಮಾ, ಎಡಗಡೀಕೆ!"

ಬಾಣಾವರದ ಇಬ್ಬರು ಹುಡುಗಿಯರು ಎಡಗಡೆಗೆ ನುಗ್ಗಿ ಚೆಂಡನ್ನು ಕಿತ್ತುಕೊಂಡರು. ನಾನು ಕಣ್ಣಿಗೆ ಕೈ ಅಡ್ಡ ಹಿಡಿದು ಬಿಸಿಲಿನಾಚೆ ನೋಡಿದೆ. ಪೇಟ ಸುತ್ತಿಕೊಂಡು, ಕೋಲು ಊರಿಕೊಂಡು ಕೂತಿದ್ದವರು ಬಾಣಾವರದ ಶಿವಣ್ಣ. ದನದ ಸಂತೆಯ ಹಳೆಯ ಹುಲಿ, ಮೊಮ್ಮಗಳ ಆಟ ನೋಡಲು ಬಂದಿದ್ದರು. ಬೆರಳಿನ ವಿದ್ಯೆಯನ್ನು ಮೂವತ್ತು ವರ್ಷದ ಹಿಂದೆ ನನಗೆ ಕಲಿಸಿದವರು ಅವರೇ. ಐದು ನಿಮಿಷ ನೋಡಿದ್ದೇ ಯಾವ ಬೆರಳು ಯಾರಿಗೆ, ಯಾವ ಗೆಣ್ಣು ಸುಳ್ಳು ಅಂತ ಅವರಿಗೆ ತಿಳಿದುಹೋಗಿತ್ತು.

"ಗೆಣ್ಣು ಮಡಚವ್ಳೆ! ಸುಳ್ಳು ಅದು, ನಂಬಬ್ಯಾಡ್ರಿ!" ಅಂತ ಅವರು ಮತ್ತೆ ಕೂಗಿದರು. ಆಮೇಲೆ ನನ್ನನ್ನು ಗುರುತಿಸಿ ಸಂತೋಷದಿಂದ ಕೋಲು ಎತ್ತಿದರು. "ಏನ್ಲಾ ರುದ್ರ! ಟವಲಿಲ್ದೆ ಯಾಪಾರಕ್ಕೆ ಕಳಿಸಿದ್ದೀಯಲ್ಲೋ ಕೂಸ್ನ!"

ಸುತ್ತಲಿನವರೆಲ್ಲ ನಕ್ಕರು. ಪಲ್ಲವಿ ಮುಷ್ಟಿ ಹಿಡಿದರೆ ಐದು ಜನವೂ ಅವಳ ಮೇಲೆ ಬೀಳತೊಡಗಿದರು. ಅವಳು ಬೆರಳು ತೋರಿಸುವುದನ್ನು ಬಿಟ್ಟು ಕೂಗಲು ನೋಡಿದಳು. ಗೆಳತಿಯರು ಬೆರಳನ್ನೇ ನೋಡುತ್ತಾ ನಿಂತಿದ್ದರು, ಕೂಗು ಅವರಿಗೆ ಮರೆತೇಹೋಗಿತ್ತು. ಎರಡು ಭಾಗ ಮುಗಿಯುವ ಹೊತ್ತಿಗೆ ನಾವು ಹದಿನಾಲ್ಕು ಅಂಕ ಹಿಂದೆ. ನಾನು ನೀರು ಹಿಡಿದುಕೊಂಡು ಓಡಿದೆ. ಪಲ್ಲವಿ ಮಂಡಿಯ ಮೇಲೆ ಕೈ ಇಟ್ಟುಕೊಂಡು ಬಗ್ಗಿ ನಿಂತಿದ್ದಳು, ಮುಖ ಕಾಣಿಸುತ್ತಿರಲಿಲ್ಲ. "ಪುಟ್ಟಾ, ನಾನೇನು ಹೇಳ್ತೀನಿ ಅಂದ್ರೆ" ಅಂದೆ.

"ಅಪ್ಪಾಜಿ, ಈಗ ಏನೂ ಹೇಳ್ಬೇಡಿ. ದಮ್ಮಯ್ಯ."

ಮೂವತ್ತು ವರ್ಷದಲ್ಲಿ ಯಾರ ಮಾತಿಗೂ ನಾನು ಅಷ್ಟು ಬೇಗ ಬಾಯಿ ಮುಚ್ಚಿದ್ದು ನೆನಪಿಲ್ಲ. ಹೋಗಿ ಕೂತೆ. ಅವಳ ಎರಡು ಭಾಗವನ್ನು ಹಾಳು ಮಾಡಿದವರು ಬಾಣಾವರದವರಲ್ಲ, ರೇಣುಕಾಳೂ ಅಲ್ಲ. ಮಗಳಿಗೆ ಬರುತ್ತಿದ್ದದ್ದು ಒಂದೇ ಕೆಲಸ. ಅದಕ್ಕೆ ನನ್ನ ಕೆಲಸವನ್ನು ಹೊರಿಸಿ ಕಳಿಸಿದ್ದೆ. ಇನ್ನು ಅವಳು ಆಟ ಬಿಟ್ಟರೆ ಆ ಬೂಟನ್ನು ಅಟ್ಟಕ್ಕೆ ಏರಿಸಿದವನು ನಾನೇ.

ಮೂರನೆಯ ಭಾಗದಲ್ಲಿ ಮಾತಿನಂತೆ ರೇಣುಕಾಳ ಪದ್ಧತಿ. ಮೊದಲ ಎರಡು ನಿಮಿಷ ಕೋಳಿಗೂಡಿಗೆ ಬೆಕ್ಕು ಹೊಕ್ಕ ಹಾಗಿತ್ತು. ಭಾಗ್ಯ ಜೀವನದಲ್ಲಿ ಮೊದಲ ಸಲ ಚೆಂಡನ್ನು ತಾನೇ ತಟ್ಟಿಕೊಂಡು ಬಂದಳು, ತನ್ನ ಕಾಲಿಗೇ ತಟ್ಟಿಕೊಂಡು ಬಿದ್ದಳು. ಎಡಗಡೆಯವಳು ಗಾಬರಿಯಲ್ಲಿ ರೆಫರಿಗೆ ಪಾಸ್ ಕೊಟ್ಟಳು. ಶಿವಣ್ಣನವರು ಓದಲು ಬೆರಳುಗಳೇ ಇಲ್ಲದೆ ಸುಮ್ಮನೆ ಕೋಲು ಆಡಿಸುತ್ತಿದ್ದರು. ಪಲ್ಲವಿ ಮಾತ್ರ ಕೈ ಖಾಲಿ ಮಾಡಿಕೊಂಡು ಒಂದು ಮೂಲೆಯಲ್ಲಿ ನಿಂತಿದ್ದಳು. ಅವಳನ್ನು ಕಾಯಬೇಕಾಗಿದ್ದ ಹುಡುಗಿ ಕೂಡ ಅವಳನ್ನು ಬಿಟ್ಟು ಹೋಗಿದ್ದಳು. ಕೆಲಸವಿಲ್ಲದವರು ನಿಲ್ಲುವ ಆ ರೀತಿ ನನಗೆ ಚೆನ್ನಾಗಿ ಗೊತ್ತು; ಇತ್ತೀಚೆಗೆ ಮಧ್ಯಾಹ್ನದ ಹೊತ್ತು ಮಾರುಕಟ್ಟೆಯಲ್ಲಿ ನಾನು ಹಾಗೆಯೇ ನಿಲ್ಲುತ್ತೇನೆ. ನನಗೆ ಅವಳ ಕಡೆ ನೋಡಲಾಗಲಿಲ್ಲ, ಬೇರೆ ಕಡೆಯೂ ನೋಡಲಾಗಲಿಲ್ಲ.

ಆಗೊಂದು ಸಂಗತಿ ನಡೆಯಿತು. ಭಾಗ್ಯ ಮತ್ತೆ ಚೆಂಡು ತರುತ್ತಿದ್ದಳು. ಇಬ್ಬರು ಅವಳನ್ನು ಸುತ್ತುವರಿದರು. ಅವಳು ಚೆಂಡನ್ನು ತಬ್ಬಿಕೊಂಡು ಅಳುವ ಮುಖ ಮಾಡಿದಳು. ಮೂಲೆಯಲ್ಲಿದ್ದ ಪಲ್ಲವಿ ಒಂದೇ ಓಟಕ್ಕೆ ಅವಳ ಕಣ್ಣಿಗೆ ಬೀಳುವಲ್ಲಿಗೆ ಬಂದಳು. ಚೆಂಡು ಕೇಳಲಿಲ್ಲ, ಕೂಗಲಿಲ್ಲ, ಕಾಣುವ ಹಾಗೆ ನಿಂತಳು, ಅಷ್ಟೇ. ಭಾಗ್ಯ ಎಸೆದಳು. ಚೆಂಡು ಪಲ್ಲವಿಯ ಕೈಯಲ್ಲಿ ಎಷ್ಟು ಹೊತ್ತು ಇತ್ತೋ ನನಗೆ ಕಾಣಲಿಲ್ಲ. ನೋಡುವಷ್ಟರಲ್ಲಿ ಬಲೆಯ ಕೆಳಗಿದ್ದ ಹುಡುಗಿಯ ಕೈ ಸೇರಿ ಒಳಗೆ ಬಿದ್ದಿತ್ತು. ರೇಣುಕಾ ಬೆಂಚಿನಿಂದ ಎದ್ದು ನಿಂತಳು. ಅಲ್ಲಿಂದ ಮುಂದೆ ಯಾರು ಸಿಕ್ಕಿಬಿದ್ದರೂ ಅವರ ಕಣ್ಣೆದುರಿಗೆ ಪಲ್ಲವಿ ಇರುತ್ತಿದ್ದಳು. ಮಿಕ್ಕ ನಾಲ್ವರೂ ನಿಧಾನವಾಗಿ ಕಂಬದ ಕೆಲಸ ಬಿಟ್ಟು ಓಡಾಡತೊಡಗಿದರು. ಬಾಣಾವರದ ಹುಡುಗಿಯರಿಗೆ ಯಾರನ್ನು ಹಿಡಿಯಬೇಕೆಂದೇ ತಿಳಿಯಲಿಲ್ಲ. ಕೊನೆಯ ಸೀಟಿ ಊದುವಾಗ ಹದಿನಾಲ್ಕು ಅಂಕದ ಅಂತರ ಎರಡಕ್ಕೆ ಇಳಿದಿತ್ತು. ಸೋತೆವು. ಆದರೆ ನಮ್ಮ ಹುಡುಗಿಯರು ಗೆದ್ದವರಂತೆ ಕುಣಿದದ್ದನ್ನು ಕಂಡು ಬಾಣಾವರದವರು ಮತ್ತೊಂದು ಸಲ ಬೋರ್ಡಿನ ಮೇಲಿನ ಅಂಕ ನೋಡಿಕೊಂಡರು.

ಹಾಗಾದರೆ ತಂಡಕ್ಕೆ ಪಾಯಿಂಟ್ ಗಾರ್ಡ್ ಬೇಕೋ ಬೇಡವೋ? ಇದನ್ನು ನಾನು ಬಹಳ ಯೋಚಿಸಿದ್ದೇನೆ. ಯಾರಿಗೆ ಏನು ಬೇಕೆಂದು ನೋಡುವ ಕಣ್ಣೊಂದು ಬೇಕೇ ಬೇಕು, ಇದರಲ್ಲಿ ನಾನು ಒಂದು ಬೆರಳಿನಷ್ಟೂ ಇಳಿಯುವುದಿಲ್ಲ. ಆ ಕಣ್ಣಿದ್ದವರ ಕೈಯಲ್ಲೇ ಚೆಂಡು ಸದಾ ಇರಬೇಕೆಂಬ ಷರತ್ತನ್ನು ಬಿಟ್ಟುಕೊಡಬಹುದು ಅನ್ನಿಸುತ್ತದೆ. ಪಲ್ಲವಿಯನ್ನು ಕೇಳಿದೆ. "ಬಾಲ್ ಕೈಲಿದ್ದಾಗ ಅದನ್ನ ಯಾರು ಕಿತ್ಕೋತಾರೋ ಅನ್ನೋದೇ ಯೋಚನೆ ಅಪ್ಪಾಜಿ. ಇಲ್ದಿದ್ದಾಗ ಜಾಸ್ತಿ ಕಾಣುತ್ತೆ" ಅಂದಳು. ಅವಳು ಆಟದ ಬಗ್ಗೆ ಹೇಳಿದ್ದು. ನಾನು ಮಾತ್ರ ಮರುದಿನ ಮಾರುಕಟ್ಟೆಯಲ್ಲಿ ಆ ಹಳೆಯ ರೈತ ಬಂದಾಗ ದರದ ಮಾತೇ ಎತ್ತಲಿಲ್ಲ. ಅವನ ಕಾಯಿ ನೋಡಿ, ಈ ಸಲ ಇನ್ನೂ ಹದಿನೈದು ದಿನ ಅಟ್ಟದಲ್ಲೇ ಒಣಗಲು ಬಿಡಬೇಕಾಗಿತ್ತು, ಬೇಗ ಇಳಿಸಿದ್ದೀಯ ಅಂದೆ. ಅವನು ಫೋನು ಜೇಬಿಗೆ ಹಾಕಿಕೊಂಡು ಕೂತ. ಫೋನಿನಲ್ಲಿ ಅದು ಬಂದಿರಲಿಲ್ಲ.

ಆವತ್ತು ಬೇಲೂರಿನಲ್ಲಿ ಪಂದ್ಯ ಮುಗಿದ ಮೇಲೆ ಚಿಕ್ಕಮ್ಮ-ಮಗಳನ್ನು ಒಂದು ಮಾಡುವ ದೊಡ್ಡ ಕೆಲಸ ಇನ್ನೂ ಬಾಕಿಯಿದೆ ಎಂದು ನಾನು ಮನಸ್ಸಿನಲ್ಲೇ ಮಾತುಗಳನ್ನು ಜೋಡಿಸಿಕೊಂಡು, ಎರಡು ಲೋಟ ಕಬ್ಬಿನ ಹಾಲು ಹಿಡಿದುಕೊಂಡು ಹೋದೆ. ಅವರಿಬ್ಬರೂ ಕೋರ್ಟಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಐದು ಕಲ್ಲು ಇಟ್ಟು, ಅತ್ತ ಇತ್ತ ಸರಿಸುತ್ತಿದ್ದರು. "ಇವಳು ಇಲ್ಲಿಗೆ ಬಂದ್ರೆ ನೀನು ಎಲ್ಲಿ?" "ಇಲ್ಲಿ ಚಿಕ್ಕಮ್ಮ." "ಅಲ್ಲಿದ್ರೆ ಅವಳಿಗೆ ಕಾಣ್ತೀಯಾ?" ನಾನು ಕೆಮ್ಮಿದೆ. ಇಬ್ಬರೂ ತಲೆ ಎತ್ತದೆ ಕೈ ಮಾತ್ರ ಚಾಚಿ ಲೋಟ ಇಸಿದುಕೊಂಡರು. ಜೋಡಿಸಿಕೊಂಡಿದ್ದ ಮಾತುಗಳನ್ನು ವಾಪಸು ಬರುವಾಗ ಬಸ್ಸಿನಲ್ಲಿ ಶಿವಣ್ಣನವರಿಗೆ ಹೇಳಿದೆ. ಹಳೇಬೀಡಿನ ಹೊತ್ತಿಗೆ ಅವರಿಗೆ ನಿದ್ದೆ ಹತ್ತಿತು.

ಇದಾಗಿ ಎರಡು ವಾರ ಕಳೆದಿದೆ. ಪಲ್ಲವಿ ಆಟ ಬಿಟ್ಟಿಲ್ಲ. ಈಗ ಬಲೆಗೆ ಅವಳೂ ಚೆಂಡು ಹಾಕಲು ಕಲಿಯಬೇಕು ಅಂತ ರೇಣುಕಾ ಹಟ ಹಿಡಿದಿದ್ದಾಳೆ, ಅದು ನನ್ನ ಕೈಲಾಗದು ಅಂತ ಇವಳು ಹಟ ಹಿಡಿದಿದ್ದಾಳೆ. ನಿನ್ನೆ ಬೆಳಗ್ಗೆ ನಾನು ಮುಖಕ್ಕೆ ಸೋಪು ಹಚ್ಚಿಕೊಂಡು ಬಚ್ಚಲಲ್ಲಿದ್ದಾಗ ಅಡುಗೆಮನೆಯಿಂದ ಇಬ್ಬರ ದನಿಯೂ ಏರಿದ್ದು ಕೇಳಿಸಿತು. ನನಗೆ ಮೈ ಜುಮ್ಮೆಂದಿತು. ಸೋಪು ಕೂಡ ತೊಳೆಯದೆ, ಗೋಡೆ ಹಿಡಿದುಕೊಂಡು, ಅಂದಾಜಿನಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತೆ. "ನೋಡಿ, ಇಬ್ಬರೂ ಒಂದ್ನಿಮಿಷ ಸುಮ್ಮನಿರಿ, ಏನಾಯ್ತು ನನಗೆ ಹೇಳಿ" ಅಂದೆ.

"ಭಾವ, ನೀವು ಹೋಗಿ!" "ಅಪ್ಪಾಜಿ, ನೀವು ಹೋಗಿ!" ಅಂತ ಇಬ್ಬರೂ ಒಟ್ಟಿಗೆ ಅಂದರು. ಆಮೇಲೆ ನನ್ನ ಮುಖ ನೋಡಿ ಒಟ್ಟಿಗೇ ನಕ್ಕರು. ಜಗಳ ಅಲ್ಲಿಗೆ ನಿಂತಿತು.

"ನೋಡಿದ್ಯೇನೇ?" ಅಂತ ಗಿರಿಜಾಗೆ ಹೇಳಿದೆ. "ಒಂದೇ ಮಾತಲ್ಲಿ ಇಬ್ಬರನ್ನೂ ಒಂದು ಮಾಡಿದೆ."

"ಆ ಒಂದು ಮಾತು ಏನು ಅಂತ ಕೇಳಿಸ್ಕೊಂಡ್ರಾ?"

ಕೇಳಿಸಿಕೊಂಡಿದ್ದೆ. ಹೊರಗೆ ಬಂದು, ಮುಖ ತೊಳೆದುಕೊಂಡು, ಜಗಲಿಯ ಮೇಲೆ ಕೂತೆ. ಬಾಗಿಲು ಮಾತ್ರ ಮುಚ್ಚಲಿಲ್ಲ. ಕರೆದರೆ ಕೇಳಿಸಬೇಕಲ್ಲ.